ಹಳೆಯ ಟ್ರ್ಯಾಕ್ಟರು, ಭಾರದ ಟ್ರೇಲರು: ಕಬ್ಬು ಸಾಗಾಣಿಕೆಯಲ್ಲಿ ವಹಿಸಬೇಕಾದ ಎಚ್ಚರಿಕೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಕಬ್ಬು ನುರಿಯುವ ಹಂಗಾಮು ಆರಂಭವಾಯಿತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳ ನೋಟವೇ ಬದಲಾಗುತ್ತದೆ. ಹಿಂದೆ ಎತ್ತಿನ ಗಾಡಿಗಳು ಸಾಲುಗಟ್ಟಿ ಸಾಗುತ್ತಿದ್ದ ದಾರಿಯಲ್ಲಿ ಈಗ ಟ್ರ್ಯಾಕ್ಟರುಗಳು ಸಾಗುತ್ತವೆ. ಉತ್ತರ ಕರ್ನಾಟಕದಲ್ಲಂತೂ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರುಗಳು ಸಾಮಾನ್ಯ ದೃಶ್ಯ. ಎತ್ತು ಭಾರ ಹೆಚ್ಚಾದರೆ ನಿಂತುಬಿಡುತ್ತದೆ, ಮೊಣಕಾಲೂರುತ್ತದೆ. ಟ್ರ್ಯಾಕ್ಟರು ಹಾಗೆ ಹೇಳುವುದಿಲ್ಲ. ಎಳೆಯುವಷ್ಟು ದೂರ ಎಳೆಯುತ್ತದೆ. ನಿಲ್ಲಿಸಬೇಕಾದ ಜಾಗದಲ್ಲಿ ಮಾತ್ರ ಕೈಕೊಡುತ್ತದೆ. ಟ್ರ್ಯಾಕ್ಟರು ಎಷ್ಟು ಭಾರ ಎಳೆದೀತು ಎಂದು ಕೇಳುವವರು ಬಹಳ ಮಂದಿ. ಎಷ್ಟು ಭಾರವನ್ನು ನಿಲ್ಲಿಸೀತು ಎಂದು ಕೇಳುವವರು ಕಡಿಮೆ. ಪ್ರಾಣ ಉಳಿಸುವುದು ಈ ಎರಡನೆಯ ಪ್ರಶ್ನೆ. ಹತ್ತು ಹದಿನೈದು ವರ್ಷ ದುಡಿದ ಹಳೆಯ ಟ್ರ್ಯಾಕ್ಟರು ಇರುವವರು ಇದನ್ನು ಇನ್ನೂ ಹೆಚ್ಚಾಗಿ ಕೇಳಿಕೊಳ್ಳಬೇಕು.

ಭಾರದ ಲೆಕ್ಕ

ಸುಮಾರು 35 ಅಶ್ವಶಕ್ತಿಯ ಟ್ರ್ಯಾಕ್ಟರಿನ ಸ್ವಂತ ತೂಕ ಹೆಚ್ಚು ಕಡಿಮೆ 2 ಟನ್. ಅದರ ಹಿಂದೆ ಕಬ್ಬು ತುಂಬಿದ, ಒಟ್ಟು 8 ಟನ್ ತೂಗುವ ಟ್ರೇಲರು ಇದೆ ಎಂದು ಭಾವಿಸೋಣ. ಎರಡೂ ಸೇರಿ 10 ಟನ್ ಆಯಿತು.

ಒಂಟಿ ಟ್ರ್ಯಾಕ್ಟರು ಗಂಟೆಗೆ 20 ಕಿ.ಮೀ. ವೇಗದಲ್ಲಿರುವಾಗ ಬ್ರೇಕು ಒತ್ತಿದರೆ 5 ಮೀಟರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ, 2 ಟನ್ ನಿಲ್ಲಿಸುತ್ತಿದ್ದ ಅದೇ ಬ್ರೇಕುಗಳು ಈಗ 10 ಟನ್ ನಿಲ್ಲಿಸಬೇಕು. ಭಾರ ಐದು ಪಟ್ಟು. ನಿಲ್ಲಲು ಬೇಕಾದ ದೂರವೂ ಸುಮಾರು ಐದು ಪಟ್ಟು, ಅಂದರೆ 25 ಮೀಟರ್. ವೇಗವನ್ನು 30 ಕಿ.ಮೀ.ಗೆ ಏರಿಸಿದರೆ ಅದು 37 ಮೀಟರ್ ಆಗುವುದಿಲ್ಲ, 56 ಮೀಟರ್ ಆಗುತ್ತದೆ. ಏಕೆಂದರೆ ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಒಂದೂವರೆ ಪಟ್ಟಾದರೆ ದೂರ ಎರಡೂಕಾಲು ಪಟ್ಟಾಗುತ್ತದೆ. ಅಪಾಯ ಕಣ್ಣಿಗೆ ಬಿದ್ದು, ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಮತ್ತೆ 8 ಮೀಟರ್ ಕಳೆದುಹೋಗುತ್ತದೆ. ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುವ ಊರಿನಲ್ಲಿ ಈ 64 ಮೀಟರ್ ಎಲ್ಲಿಂದ ಬರಬೇಕು?

ತಮ್ಮ ಟ್ರೇಲರಿನ ನಿಜವಾದ ಭಾರ ತಿಳಿಯಲು ಊಹೆ ಬೇಕಿಲ್ಲ. ಕಾರ್ಖಾನೆಯ ತೂಕದ ಚೀಟಿಯಲ್ಲಿ ತುಂಬಿದ ತೂಕ, ಖಾಲಿ ತೂಕ, ಕಬ್ಬಿನ ತೂಕ ಮೂರೂ ಇರುತ್ತವೆ. ಆ ಚೀಟಿಯನ್ನು ಹಣದ ಲೆಕ್ಕಕ್ಕೆ ಮಾತ್ರ ನೋಡಿ ಎತ್ತಿಡುವುದು ರೂಢಿ. ಟ್ರೇಲರಿನ ನೋಂದಣಿ ಪತ್ರದಲ್ಲಿ ನಮೂದಾದ ಮಿತಿಯ ಪಕ್ಕದಲ್ಲಿಟ್ಟು ಒಮ್ಮೆ ನೋಡಿದರೆ ಅದೇ ಚೀಟಿ ಎಚ್ಚರಿಕೆಯ ಪತ್ರವಾಗುತ್ತದೆ.

ಹೊರಡುವ ಮೊದಲು

ಹಳೆಯ ಟ್ರ್ಯಾಕ್ಟರಿನಲ್ಲಿ ಮೊದಲು ನೋಡಬೇಕಾದದ್ದು ಬ್ರೇಕು. ಹೊಲದಲ್ಲಿ ಚಿಕ್ಕ ತಿರುವು ತೆಗೆದುಕೊಳ್ಳಲು ಅನುಕೂಲವಾಗಲೆಂದು ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿರುತ್ತವೆ. ರಸ್ತೆಗೆ ಬರುವ ಮುನ್ನ ಎರಡೂ ಪೆಡಲುಗಳನ್ನು ಚಿಲಕದಿಂದ ಒಂದಾಗಿ ಸೇರಿಸಲೇಬೇಕು. ಚಿಲಕ ಸವೆದು ಬಿದ್ದುಹೋಗಿದ್ದರೆ ಹೊಸದು ಹಾಕಿಸಬೇಕು. ವೇಗದಲ್ಲಿರುವಾಗ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರು ಒಂದೇ ಕಡೆಗೆ ಎಳೆದು ಮಗುಚುತ್ತದೆ.

ಎರಡೂ ಬ್ರೇಕುಗಳು ಸಮನಾಗಿ ಹಿಡಿಯಬೇಕು. ಖಾಲಿ ಟ್ರ್ಯಾಕ್ಟರನ್ನು ಸಮತಟ್ಟಾದ, ಜನರಿಲ್ಲದ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕು ಒತ್ತಿ ನೋಡಬೇಕು. ನೇರವಾಗಿ ನಿಂತರೆ ಸರಿ. ಪಕ್ಕಕ್ಕೆ ಎಳೆದರೆ ಸರಿಪಡಿಸುವವರೆಗೆ ಟ್ರೇಲರು ಜೋಡಿಸಬಾರದು. ಹಳೆಯ ಮಾದರಿಗಳಲ್ಲಿ ಹೆಚ್ಚಾಗಿ ಒಣ ಬ್ರೇಕುಗಳಿರುತ್ತವೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಈಚಿನ ಮಾದರಿಗಳದ್ದು. ಒಣ ಬ್ರೇಕಿಗೆ ನೀರು ಅಥವಾ ಸೋರಿದ ಎಣ್ಣೆ ತಗುಲಿದರೆ ಹಿಡಿತ ಹೋಗುತ್ತದೆ. ಹಳ್ಳ ದಾಟಿ ಬಂದ ಮೇಲೆ ನಿಧಾನ ಗತಿಯಲ್ಲಿ ಎರಡು ಮೂರು ಬಾರಿ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು.

ಆಮೇಲೆ ಕೊಂಡಿ. ಕೊಂಡಿಯ ಪಿನ್ನು ಕಳೆದುಹೋದರೆ ಕೈಗೆ ಸಿಕ್ಕ ಕಬ್ಬಿಣದ ಸರಳು ತೂರಿಸಿ ಹೊರಡುವುದು ಹಳ್ಳಿಗಳಲ್ಲಿ ಕಾಣುವ ಅಭ್ಯಾಸ. ಸರಳು ಬಾಗುತ್ತದೆ, ಸವೆಯುತ್ತದೆ, ಒಂದು ದಿನ ಗುಂಡಿಯಲ್ಲಿ ಎಗರಿ ಹೊರಬರುತ್ತದೆ. ಸರಿಯಾದ ಗಾತ್ರದ ಪಿನ್ನು, ಅದು ಮೇಲೇಳದಂತೆ ಕೆಳಗೆ ಚಿಲಕದ ಕಡ್ಡಿ, ಜೊತೆಗೆ ಟ್ರ್ಯಾಕ್ಟರಿಗೂ ಟ್ರೇಲರಿಗೂ ಒಂದು ಗಟ್ಟಿ ಸರಪಳಿ ಇಷ್ಟೂ ಇರಬೇಕು. ಪಿನ್ನಿನ ಬೆಲೆ ಒಂದು ಹೊತ್ತಿನ ಡೀಸೆಲಿಗಿಂತ ಹೆಚ್ಚಿಲ್ಲ.

ಟ್ರೇಲರಿನ ಟೈರುಗಳ ಗಾಳಿ, ಗಾಲಿಯ ನಟ್ಟುಗಳು, ಬೇರಿಂಗಿನ ಗ್ರೀಸು ಇವನ್ನು ಹಂಗಾಮಿನ ಆರಂಭದಲ್ಲಿ ಒಮ್ಮೆ ನೋಡಿದರೆ ಸಾಲದು, ವಾರಕ್ಕೊಮ್ಮೆ ನೋಡಬೇಕು. ಸ್ಟೇರಿಂಗಿನ ಸಡಿಲ, ಮುಂದಿನ ಗಾಲಿಗಳ ಅಲುಗಾಟ, ಕ್ಲಚ್ಚಿನ ಜಾರುವಿಕೆ ಇವೂ ಹಳೆಯ ಟ್ರ್ಯಾಕ್ಟರಿನ ರೋಗಗಳು. ಹೊಸದಾಗಿ ಟ್ರೇಲರು ಮಾಡಿಸುವವರು ಅದಕ್ಕೆ ತನ್ನದೇ ಬ್ರೇಕು ಇರುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ.

ಕಬ್ಬು ತುಂಬುವ ಕ್ರಮ

ಒಂದೇ ಅಚ್ಚಿನ, ಎರಡು ಗಾಲಿಯ ಟ್ರೇಲರಿನಲ್ಲಿ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬೀಳುತ್ತದೆ. ಕಬ್ಬನ್ನು ಹಿಂದಕ್ಕೆ ಹೆಚ್ಚು ಪೇರಿಸಿದರೆ ಕೊಂಡಿ ಮೇಲಕ್ಕೆ ಎತ್ತಲ್ಪಟ್ಟು, ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಮುಂದಕ್ಕೆ ವಿಪರೀತ ಪೇರಿಸಿದರೆ ಟ್ರ್ಯಾಕ್ಟರಿನ ಹಿಂಭಾಗ ತಗ್ಗಿ ಮುಂದಿನ ಗಾಲಿಗಳು ಹಗುರವಾಗುತ್ತವೆ; ಸ್ಟೇರಿಂಗು ತಿರುಗಿಸಿದರೂ ತಿರುಗುವುದಿಲ್ಲ. ಆದ್ದರಿಂದ ಭಾರ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ಇರಬೇಕು. ನಾಲ್ಕು ಗಾಲಿಯ ಟ್ರೇಲರು ಕೊಂಡಿಯ ಮೇಲೆ ಭಾರ ಹಾಕುವುದಿಲ್ಲ. ಆದರೆ ಹಾಗಾಗಿಯೇ ಹಿಂದಿನ ಗಾಲಿಗಳಿಗೆ ಹೆಚ್ಚಿನ ಹಿಡಿತವನ್ನೂ ಕೊಡುವುದಿಲ್ಲ.

ಎತ್ತರಕ್ಕೆ ಪೇರಿಸಿದಷ್ಟೂ ಟ್ರೇಲರು ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು. ನಾಲೆಯ ಏರಿಯ ಮೇಲೆ ಒಂದು ಗಾಲಿ ಮೆತ್ತನೆಯ ಅಂಚಿಗೆ ಇಳಿದರೆ ಸಾಕು. ಕಬ್ಬಿನ ತುದಿಗಳು ಪಕ್ಕಕ್ಕೆ ಚಾಚಿದ್ದರೆ ಸೈಕಲ್ ಸವಾರನ ಮುಖಕ್ಕೆ ತಗುಲುತ್ತವೆ. ಮೇಲಕ್ಕೆ ಹೆಚ್ಚಿದರೆ ಹೊಲದ ಮೇಲೆ ಜೋತುಬಿದ್ದ ವಿದ್ಯುತ್ ತಂತಿಗೆ ತಾಗುತ್ತವೆ.

ಹೊಲದಿಂದ ಹೊರಗೆ

ಟಾರು ರಸ್ತೆಯಲ್ಲಿ 8 ಟನ್ನಿನ ಟ್ರೇಲರನ್ನು ಉರುಳಿಸಲು ಅದರ ತೂಕದ ಶೇಕಡ 2ರಷ್ಟು, ಅಂದರೆ ಸುಮಾರು 160 ಕಿ.ಗ್ರಾಂ. ಎಳೆತ ಸಾಕು. ಸಡಿಲ ಮಣ್ಣಿನ ಹೊಲದಲ್ಲಿ ಶೇಕಡ 10ರಷ್ಟು ಅಥವಾ ಅದಕ್ಕೂ ಹೆಚ್ಚು, ಅಂದರೆ 800 ಕಿ.ಗ್ರಾಂ. ಬೇಕಾಗುತ್ತದೆ. 2 ಟನ್ನಿನ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಇರುವುದು ಸುಮಾರು 1300 ಕಿ.ಗ್ರಾಂ.; ಸಡಿಲ ಮಣ್ಣಿನಲ್ಲಿ ಅದರ ಅರ್ಧದಷ್ಟು, 650 ಕಿ.ಗ್ರಾಂ. ಎಳೆತ ಸಿಕ್ಕರೆ ಹೆಚ್ಚು. ಗಾಲಿ ಕೊರೆದು ಹೂತುಹೋಗುವುದು ಎಂಜಿನ್ನಿನ ದೋಷವಲ್ಲ, ಈ ಲೆಕ್ಕದ ಫಲ.

ಆಗ ಮಾಡುವ ತಪ್ಪೇ ಪ್ರಾಣಾಂತಿಕ. ಎಳೆತ ಸಾಲದೆಂದು ಸರಪಳಿಯನ್ನು ಟಾಪ್ ಲಿಂಕಿಗೋ, ಹಿಂದಿನ ಅಚ್ಚಿನ ಮೇಲ್ಭಾಗಕ್ಕೋ ಕಟ್ಟಿ ಜೋರಾಗಿ ಕ್ಲಚ್ಚು ಬಿಡುತ್ತಾರೆ. ಹೂತ ಗಾಲಿ ತಿರುಗಲಾರದೆ, ಟ್ರ್ಯಾಕ್ಟರೇ ತನ್ನ ಹಿಂದಿನ ಅಚ್ಚಿನ ಸುತ್ತ ತಿರುಗಿ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಹಾರಿಕೊಳ್ಳಲು ಸಮಯವೇ ಸಿಗುವುದಿಲ್ಲ. ಭಾರವನ್ನು ಯಾವಾಗಲೂ ಡ್ರಾಬಾರಿನಿಂದ ಅಥವಾ ತಯಾರಕರು ಟ್ರೇಲರಿಗೆಂದೇ ಕೊಟ್ಟ ಕೊಂಡಿಯಿಂದ ಎಳೆಯಬೇಕು. ಮುಂದಿನ ಗಾಲಿ ನೆಲ ಬಿಡುವ ಸೂಚನೆ ಕಂಡ ಕೂಡಲೇ ಕ್ಲಚ್ಚು ಒತ್ತಬೇಕು. ಸರಿಯಾದ ಉಪಾಯ ಸರಳ: ಹೊಲದೊಳಗೆ ಅರ್ಧ ಭಾರ ಮಾತ್ರ ತುಂಬಿ, ಗಟ್ಟಿ ನೆಲಕ್ಕೆ ತಂದ ಮೇಲೆ ಉಳಿದದ್ದನ್ನು ಹೇರಬೇಕು. ಹೂತುಹೋದರೆ ಸ್ವಲ್ಪ ಕಬ್ಬು ಇಳಿಸಬೇಕು. ಒಂದು ಗಂಟೆ ತಡವಾಗುತ್ತದೆ, ಅಷ್ಟೇ.

ಏರು ಮತ್ತು ಇಳಿಜಾರು

ಇಪ್ಪತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ದಾರಿ ಕಣ್ಣಿಗೆ ದೊಡ್ಡ ದಿಬ್ಬವೆನಿಸದು. ಆದರೆ ಆ ಏರಿನಲ್ಲಿ ನಮ್ಮ ಲೆಕ್ಕದ 10 ಟನ್ ಭಾರ 500 ಕಿ.ಗ್ರಾಂ. ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಇಳಿಯುವಾಗ ಅದೇ 500 ಕಿ.ಗ್ರಾಂ. ಬಲದಿಂದ ಮುಂದಕ್ಕೆ ನುಗ್ಗುತ್ತದೆ.

ಏರಿನ ಬುಡದಲ್ಲಿಯೇ ಕೆಳಗಿನ ಗೇರಿಗೆ ಬದಲಿಸಬೇಕು. ಮಧ್ಯದಲ್ಲಿ ಬದಲಿಸಲು ಹೋದರೆ ಗೇರು ಬೀಳದೆ ಗಾಡಿ ಹಿಂದಕ್ಕೆ ಓಡುವ ಅಪಾಯವಿದೆ. ಇಳಿಜಾರಿನಲ್ಲಿ, ಅದೇ ದಿಬ್ಬವನ್ನು ಏರಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲು ಉಳಿಯುತ್ತದೆಂದು ನ್ಯೂಟ್ರಲ್ ಮಾಡುವುದು, ಕ್ಲಚ್ಚು ಒತ್ತಿ ಬಿಡುವುದು ಎಂಜಿನ್ನಿನ ಹಿಡಿತವನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಆಮೇಲೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕಿಲ್ಲದ ಟ್ರೇಲರು ಇರುವಾಗ ತಿರುವಿನಲ್ಲಿ ಹಠಾತ್ತನೆ ಬ್ರೇಕು ಒತ್ತಿದರೆ ಟ್ರೇಲರು ಟ್ರ್ಯಾಕ್ಟರನ್ನು ಪಕ್ಕಕ್ಕೆ ತಳ್ಳಿ, ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಎರಡು ಟ್ರೇಲರುಗಳಿದ್ದರೆ ಹೇಳುವುದೇ ಬೇಡ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು.

ಏರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಗಾಲಿಗೆ ಕೊಡಲು ಮರದ ಬೆಣೆಗಳು ಟ್ರ್ಯಾಕ್ಟರಿನಲ್ಲಿಯೇ ಇರಬೇಕು. ರಸ್ತೆಬದಿಯ ಗುಂಡುಕಲ್ಲು ತಂದಿಟ್ಟು, ಹೊರಡುವಾಗ ಅಲ್ಲೇ ಬಿಟ್ಟುಹೋಗುವುದು ಇನ್ನೊಬ್ಬರಿಗೆ ತೋಡಿದ ಹಳ್ಳ. ಆ ಕಲ್ಲು ರಾತ್ರಿ ಮೋಟಾರ್ ಸೈಕಲ್ ಸವಾರನ ಕಣ್ಣಿಗೆ ಕಾಣುವುದಿಲ್ಲ. ಬೆಣೆಗೆ ಹಗ್ಗ ಕಟ್ಟಿ ಟ್ರೇಲರಿಗೆ ಬಿಗಿದರೆ ಮರೆಯುವ ಮಾತೇ ಇಲ್ಲ.

ರಾತ್ರಿಯ ಸಾಗಾಣಿಕೆ

ಕಬ್ಬಿನ ಟ್ರೇಲರಿನಿಂದ ಆಗುವ ಸಾವುಗಳಲ್ಲಿ ಅತಿ ದಾರುಣವಾದವು ಟ್ರೇಲರು ನಿಂತಿರುವಾಗಲೇ ಆಗುತ್ತವೆ. ಟೈರು ಒಡೆದೋ, ಅಚ್ಚು ಮುರಿದೋ ಟ್ರೇಲರು ರಸ್ತೆಯಲ್ಲಿ ನಿಲ್ಲುತ್ತದೆ. ಚಾಲಕ ಟ್ರ್ಯಾಕ್ಟರು ಬಿಚ್ಚಿಕೊಂಡು ಊರಿಗೆ ಹೋಗುತ್ತಾನೆ. ಕತ್ತಲಲ್ಲಿ ಕಬ್ಬಿನ ರಾಶಿಗೂ ರಸ್ತೆಗೂ ಬಣ್ಣದ ವ್ಯತ್ಯಾಸ ತಿಳಿಯದು. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದ ಸವಾರ ನೇರವಾಗಿ ಬಂದು ಬಡಿಯುತ್ತಾನೆ. ಅವನೂ ಹೆಚ್ಚಾಗಿ ಪಕ್ಕದ ಊರಿನ ರೈತನ ಮಗನೇ.

ಟ್ರೇಲರಿನ ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ, ಮುಂದೆ ಬಿಳಿ ಪ್ರತಿಫಲಕ ಪಟ್ಟಿಗಳಿರಬೇಕು. ಕಬ್ಬಿನ ಸೋಗೆ ಅವನ್ನು ಮುಚ್ಚಬಾರದು; ಧೂಳನ್ನು ದಿನವೂ ಒರೆಸಬೇಕು. ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು. ಕೆಟ್ಟು ನಿಂತರೆ ರಸ್ತೆಯಿಂದ ಆದಷ್ಟು ಪಕ್ಕಕ್ಕೆ ಸರಿಸಿ, ಸಾಕಷ್ಟು ಹಿಂದೆ ಪ್ರತಿಫಲಕ ತ್ರಿಕೋನ ಇಟ್ಟು, ಒಬ್ಬರು ಟಾರ್ಚು ಹಿಡಿದು ಕಾಯಬೇಕು. ಅಪಘಾತವಾದರೆ 108ಕ್ಕೆ ಕೂಡಲೇ ಕರೆ ಮಾಡಬೇಕು.

ಹಾಡಿನ ಅಬ್ಬರವೂ ಒಂದು ಅಪಾಯವೇ. ಧ್ವನಿವರ್ಧಕ ಕಿವಿಗಡಚಿಕ್ಕುವಂತೆ ಕೂಗುತ್ತಿದ್ದರೆ ಹಿಂದಿನ ವಾಹನದ ಹಾರನ್ನೂ ಕೇಳಿಸದು, ಕೊಂಡಿಯಿಂದ ಬರುವ ಹೊಸ ಸದ್ದೂ ಕೇಳಿಸದು.

ಚಾಲಕ ಮತ್ತು ಕೂಲಿಕಾರರು

ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ರಾತ್ರಿಯೆಲ್ಲ ಕಾದ ಚಾಲಕ, ಕಬ್ಬು ಇಳಿಸಿದ ಕೂಡಲೇ ಮತ್ತೊಂದು ಸುತ್ತಿಗೆ ಧಾವಿಸುತ್ತಾನೆ. ಟನ್ನಿನ ಮೇಲೆ ಬಾಡಿಗೆ ಸಿಗುವುದರಿಂದ ಭಾರವೂ ಹೆಚ್ಚು, ಸುತ್ತುಗಳೂ ಹೆಚ್ಚು. ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆಂಬ ಆತುರ ರೈತನದು. ಈ ಎರಡು ಆತುರಗಳ ನಡುವೆ ನಿದ್ದೆಗೆಟ್ಟ ಕಣ್ಣುಗಳು ಸ್ಟೇರಿಂಗಿನ ಮುಂದೆ ಇರುತ್ತವೆ. ಮಾಲೀಕನಾದವನು ಚಾಲಕನಿಗೆ ನಿದ್ದೆ ಮಾಡಲು ಹೇಳುವ ಧೈರ್ಯ ತೋರಬೇಕು. ಪರವಾನಗಿ ಇಲ್ಲದ ಹುಡುಗರ ಕೈಗೆ ಟ್ರ್ಯಾಕ್ಟರು ಕೊಡಬಾರದು.

ಟ್ರೇಲರು ಇರುವುದು ಸರಕು ಸಾಗಿಸಲು. ಕಬ್ಬು ಕಡಿಯುವ ತಂಡದವರನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು ರಾಶಿಯ ಮೇಲೆ ಕೂರಿಸಿ ಕರೆದೊಯ್ಯಬಾರದು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೂ, ಕೊಂಡಿಯ ಮೇಲೂ ಯಾರೂ ಕುಳಿತುಕೊಳ್ಳಬಾರದು. ಅಲ್ಲಿಂದ ಜಾರಿದವನು ಬೀಳುವುದು ನೇರವಾಗಿ ಗಾಲಿಯ ಕೆಳಗೆ.

ಕೊನೆಯ ಮಾತು

ಅತಿಯಾಸೆ ಗತಿಗೇಡು ಎಂಬ ಗಾದೆ ಕಬ್ಬಿನ ಟ್ರೇಲರಿಗೆ ಅಕ್ಷರಶಃ ಹೊಂದುತ್ತದೆ. ಒಂದು ಸುತ್ತಿನಲ್ಲಿ ಹೆಚ್ಚಿಗೆ ಹೇರಿದ ಎರಡು ಟನ್ನಿನಿಂದ ಬಂದ ಲಾಭ ಕ್ಲಚ್ಚು ತಟ್ಟೆಗೆ, ಟೈರಿಗೆ, ಮುರಿದ ಅಚ್ಚಿಗೆ ಹೋಗುತ್ತದೆ. ಅಷ್ಟಕ್ಕೇ ಮುಗಿದರೆ ಅದೃಷ್ಟ. ಈ ಹಂಗಾಮಿನಲ್ಲಿ ಪ್ರತಿಯೊಬ್ಬ ಟ್ರ್ಯಾಕ್ಟರು ಮಾಲೀಕರೂ ನಾಲ್ಕು ಕೆಲಸಗಳನ್ನು ತಪ್ಪದೆ ಮಾಡಲಿ: ಬ್ರೇಕು ಪೆಡಲುಗಳನ್ನು ಸೇರಿಸುವುದು, ಕೊಂಡಿಗೆ ಸರಿಯಾದ ಪಿನ್ನು ಮತ್ತು ಸರಪಳಿ, ಹಿಂದೆ ಪ್ರತಿಫಲಕ ಪಟ್ಟಿ, ಮಿತಿಯೊಳಗಿನ ಭಾರ. ಗ್ರಾಮಸೇವಕರು, ವಿಸ್ತರಣಾ ಕಾರ್ಯಕರ್ತರು ಕಟಾವು ಆರಂಭವಾಗುವ ಮೊದಲೇ ಊರೂರಿನಲ್ಲಿ ಟ್ರ್ಯಾಕ್ಟರುಗಳನ್ನು ಒಂದೆಡೆ ಸೇರಿಸಿ ಇವನ್ನು ಪರೀಕ್ಷಿಸಿ ತೋರಿಸಿದರೆ ದೊಡ್ಡ ಉಪಕಾರವಾಗುತ್ತದೆ. ವರ್ಷವಿಡೀ ಬೆವರು ಸುರಿಸಿ ಬೆಳೆದ ಕಬ್ಬು ಕಾರ್ಖಾನೆಗೆ ಮುಟ್ಟಬೇಕು. ಅದನ್ನು ಒಯ್ದವರು ಮನೆಗೆ ಮರಳಬೇಕು.