ನಿಪ್ಪಾಣಿಯ ವಖಾರಗಳು



ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬೆಳಗಾವಿ ದಾಟಿ ಕೊಲ್ಹಾಪುರದ ಕಡೆ ಹೊರಟರೆ, ಮಹಾರಾಷ್ಟ್ರದ ಗಡಿಗೆ ತುಸು ಮುಂಚೆ ಸಿಗುವ ಊರು ನಿಪ್ಪಾಣಿ. ಹಿಂದೆ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ ಇದು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. 2011ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆ 60 ಸಾವಿರ ದಾಟಿತ್ತು. ಪೇಟೆಯಲ್ಲಿ ಒಂದೇ ಮಾತಿನಲ್ಲಿ ಕನ್ನಡ, ಮರಾಠಿ ಎರಡೂ ಕೇಳಿಬರುತ್ತವೆ. ಊರಿಗೆ ಹೆಸರು ತಂದದ್ದು ಮಾತ್ರ ಬೀಡಿ ತಂಬಾಕು.

1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ರೈತರು ಇಲ್ಲಿ ಇದೇ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ಹಲವರು ಪ್ರಾಣ ತೆತ್ತರು. ಆ ಚಳವಳಿಯ ಬಗ್ಗೆ ನೀವು ಕೇಳಿರಬಹುದು. ರೈತನ ಹೊಲದಿಂದ ಬಂದ ತಂಬಾಕು ಆಮೇಲೆ ಎಲ್ಲಿಗೆ ಹೋಗುತ್ತದೆ? ವಖಾರಕ್ಕೆ. ಬಿಸಿಲಲ್ಲಿ ಒಣಗಿದ ಎಲೆಯನ್ನು ಅಲ್ಲಿ ಬಡಿದು, ಕಡ್ಡಿ ಬೇರೆ ಮಾಡಿ, ಜರಡಿ ಹಿಡಿಯಬೇಕು. ಈ ಕೆಲಸ ಬಹುಮಟ್ಟಿಗೆ ಹೆಂಗಸರದು. ಬಾಯಿಗೆ ಸೆರಗು ಕಟ್ಟಿಕೊಂಡರೂ ಧೂಳು ಮೂಗಿಗೆ, ಕಣ್ಣಿಗೆ ಹೋಗದೆ ಬಿಡುವುದಿಲ್ಲ.

ವಿಜ್ಞಾನ ಓದಿದವನಾಗಿ ಇಲ್ಲಿ ಒಂದು ಮಾತು. ತಂಬಾಕಿನ ನಿಕೋಟಿನ್ ಒಳಹೋಗಲು ಹೊಗೆಯೇ ಬೇಕೆಂದಿಲ್ಲ. ಅದು ಚರ್ಮದ ಮೂಲಕವೂ ರಕ್ತ ಸೇರುತ್ತದೆ. ಇಬ್ಬನಿ ಬಿದ್ದ ಹಸಿ ಎಲೆ ಕೊಯ್ಯುವವರಿಗೆ ತಲೆ ಸುತ್ತಿ ವಾಂತಿಯಾಗುವುದು ಇದರಿಂದಲೇ. ಸೇದುವವನಿಗಾಗಿ ಬೀಡಿ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರವಿದೆ. ವಖಾರದ ಹೆಂಗಸಿನ ಮುಂದಿರುವ ಚೀಲದ ಮೇಲೆ ಅವಳಿಗಾಗಿ ಯಾವ ಚಿತ್ರ ಅಚ್ಚಾಗಿದೆ?

ಇವರೂ ಸುಮ್ಮನೆ ಕೂತವರಲ್ಲ. ಕೂಲಿಗಾಗಿ, ಮರ್ಯಾದೆಗಾಗಿ ಸಂಘ ಕಟ್ಟಿ ಹೋರಾಡಿದರು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ’ ತಂಡ 1982ರಲ್ಲಿ ಆ ಕತೆಯನ್ನು ‘ತಂಬಾಕೂ ಚಾಕೀಲಾ ಊಬ್ ಆಲೀ’ ಎಂಬ ಸಾಕ್ಷ್ಯಚಿತ್ರವಾಗಿ ತೆಗೆಯಿತು. ಸುಮಾರು 25 ನಿಮಿಷದ ಚಿತ್ರ. ನಡೆದದ್ದನ್ನು ಕಾರ್ಮಿಕ ಹೆಂಗಸರೇ ಮತ್ತೆ ಅಭಿನಯಿಸಿ ತೋರಿಸುತ್ತಾರೆ. ಅದನ್ನು ನೋಡಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ತಯಾರಿಸಿದ ಎಷ್ಟೋ ಕಾರ್ಯಕ್ರಮಗಳಲ್ಲಿ ದುಡಿಯುವವರ ಕೈ ಮಾತ್ರ ಕಾಣಿಸಿ, ಮಾತೆಲ್ಲ ನಿರೂಪಕನದಾಗಿರುತ್ತಿತ್ತು.

ವಖಾರದಿಂದ ಹೊರಟ ತಂಬಾಕು ಮನೆಮನೆಗೆ, ಬೀಡಿ ಕಟ್ಟುವವರ ಮೊರಕ್ಕೆ ಬರುತ್ತದೆ. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು 1966ರ ಬೀಡಿ ಕಾರ್ಮಿಕರ ಕಾಯಿದೆ ಒಪ್ಪಿತು. ಅದನ್ನು ರುಜುವಾತು ಮಾಡುವ ಗುರುತಿನ ಚೀಟಿ ಕೈಯಲ್ಲಿರಬೇಕಷ್ಟೆ, ಕಷ್ಟವೆಲ್ಲ ಅಲ್ಲಿಯೇ.

ತಂಬಾಕು ಕಡಿಮೆಯಾಗಲೇಬೇಕು, ಈ ಮಾತಿನಲ್ಲಿ ನನಗೆ ಸಂದೇಹವಿಲ್ಲ. ರೈತ ಅದನ್ನು ಬಿಟ್ಟು ಕಬ್ಬನ್ನೋ ಸೋಯಾಬೀನನ್ನೋ ಹಾಕಬಹುದು. ಇಪ್ಪತ್ತು ವರ್ಷ ತಂಬಾಕು ಬಡಿದ, ತುಂಡು ಭೂಮಿಯೂ ಇಲ್ಲದ ಹೆಂಗಸು ಏನು ಹಾಕಬೇಕು? ಧೂಳು ಬೇಡ ಎನ್ನುವ ಅವಳೇ ಕೆಲಸ ಹೋದೀತೆಂದು ಹೆದರುತ್ತಾಳೆ. ಆ ಹೆದರಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ.

ಒಂದು ಲೆಕ್ಕ ಮಾಡಿ. ಹತ್ತು ತಾಸಿನಲ್ಲಿ ಸಾವಿರ ಬೀಡಿ ಎಂದರೆ ಒಂದಕ್ಕೆ 36 ಸೆಕೆಂಡು. ಅಷ್ಟರಲ್ಲಿ ಎಲೆ ಕತ್ತರಿಸಿ, ತಂಬಾಕು ಹರವಿ, ಸುತ್ತಿ, ಬಾಯಿ ಮಡಚಿ, ನೂಲು ಸುತ್ತಬೇಕು. ಗಡಿಯಾರ ಮುಂದಿಟ್ಟುಕೊಂಡು, ತಂಬಾಕಿನ ಬದಲು ಸ್ವಲ್ಪ ರವೆ, ಎಲೆಗೆ ಕಾಗದ, ಒಂದು ಎಳೆ ದಾರ ಹಿಡಿದು ನೀವೂ ಹತ್ತು ಸುತ್ತಿ ನೋಡಿ.