ಕೆಲಸದಿಂದ ಬಂದ ಕಾಯಿಲೆ ಮತ್ತು ಪರಿಹಾರ



ಕೂಲಿಕಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿಯವರ (ಸ) ಮಾತು ನಿಮಗೆಲ್ಲ ಗೊತ್ತು. ಕೆಲಸದಿಂದಲೇ ಬಂದ ಕಾಯಿಲೆಗೆ ಸಿಗಬೇಕಾದ ಪರಿಹಾರವೂ ಕೂಲಿಯ ಬಾಕಿಯೇ. ಅದು ಖೈರಾತ್ ಅಲ್ಲ.

ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. 1940ರಲ್ಲಿ ಮೈಸೂರು ಸಂಸ್ಥಾನ ಅದಕ್ಕೆ ನಿಯಮಗಳನ್ನೇ ಮಾಡಿತು. ಅಲ್ಲಿ ಕಂಪನಿಯ ಹಾಜರಿ ಪುಸ್ತಕವಿತ್ತು. ನೆಲೋಗಿ ಕಡೆಯಿಂದ ಕಲ್ಲು ಕೊರೆಯಲು, ಪಾಲಿಶ್ ಮಾಡಲು ದೂರದ ಊರಿಗೆ ಹೋದವರ ಹತ್ತಿರ ಏನಿದೆ? ಮೇಸ್ತ್ರಿಯ ಫೋನ್ ನಂಬರ್, ಅಷ್ಟೇ.

ಕಾನೂನು ಇಲ್ಲವೆಂದಲ್ಲ. 1923ರ ಪರಿಹಾರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ, ಸಿಲಿಕೋಸಿಸ್ ಅದರ ಪಟ್ಟಿಯಲ್ಲಿದೆ. ಆದರೆ ದುಡಿದದ್ದಕ್ಕೆ ಪುರಾವೆ ಬೇಕು. ಎಕ್ಸ್‌ರೇಯಲ್ಲಿ ಇದು ಟಿ.ಬಿ.ಯಂತೆಯೇ ಕಾಣುವುದುಂಟು, ಡಾಕ್ಟರು ಕೇಳದಿದ್ದರೂ ಮಾಡಿದ ಕೆಲಸ ಯಾವುದೆಂದು ನೀವೇ ಹೇಳಿ.

ವಿದ್ಯಾರ್ಥಿಗಳೇ, ಅಬ್ಬಾ ಊರಿಗೆ ಬಂದಾಗ ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಮಾಲೀಕರ ಹೆಸರು, ಊರು, ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ಕೊಟ್ಟ ಕೂಲಿ. ಗೇಟ್‌ಪಾಸು, ಆಸ್ಪತ್ರೆಯ ಚೀಟಿ ಎಸೆಯಬೇಡಿ. ಇಎಸ್‌ಐ ಕಾರ್ಡ್ ಇದ್ದರೆ ಅದರ ನಂಬರನ್ನೂ ಬರೆಯಿರಿ. ಅಂಥವರಿಗೆ ಪರಿಹಾರ ಇಎಸ್‌ಐ ಕಡೆಯಿಂದಲೇ ಬರಬೇಕು.