ಟ್ರಯಲಿನ ಕಾಗದ ಮತ್ತು ಅವ್ವನ ಹೆಬ್ಬೆಟ್ಟು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಊರಿಂದ ಅವ್ವನನ್ನೋ ಅಪ್ಪನನ್ನೋ ಕ್ಯಾನ್ಸರ್ ಆಸ್ಪತ್ರೆಗೆ ಕರಕೊಂಡು ಬರೋರು ಯಾರು? ಮನೆಯಲ್ಲಿ ಅಕ್ಷರ ಬಲ್ಲ ನಾವೇ. ಅಲ್ಲಿ ಡಾಕ್ಟರು ಒಮ್ಮೊಮ್ಮೆ, 'ಕ್ಲಿನಿಕಲ್ ಟ್ರಯಲ್ ಒಂದು ನಡೀತಿದೆ, ನಿಮ್ಮ ತಾಯಿಯನ್ನು ಸೇರಿಸಬಹುದು' ಅಂತ ಒಂದು ಕಟ್ಟು ಕಾಗದ ನಮ್ಮ ಕೈಗೇ ಕೊಡುತ್ತಾರೆ.

ಟ್ರಯಲ್ ಅಂದರೆ ಪ್ರಯೋಗ. ನಮ್ಮ ಜನ ಏನು ಇಲಿಗಳಾ ಅಂತ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕಾರಣ ಇದೆ. 2009ರಲ್ಲಿ, ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 10ರಿಂದ 14 ವರ್ಷದ ಹುಡುಗಿಯರಿಗೆ ಹಾಕಿ ನೋಡಿದರು. ಅವರಲ್ಲಿ ಆದಿವಾಸಿ ಮಕ್ಕಳು, ಹಾಸ್ಟೆಲ್ ಮಕ್ಕಳು ಬಹಳ. ಆಮೇಲೆ ತಪಾಸಣೆ ಮಾಡಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ವಾರ್ಡನ್ನರ ಸಹಿ! 1,948ರಲ್ಲಿ ಹೆಬ್ಬೆಟ್ಟು. 2013ರಲ್ಲಿ ಪಾರ್ಲಿಮೆಂಟಿನ ಸ್ಥಾಯಿ ಸಮಿತಿ ಇದನ್ನು ಖಂಡಿಸಿತು. ಹಾಸ್ಟೆಲಿನ ಅನ್ನ ಉಂಡ ಮಾತ್ರಕ್ಕೆ ಮಕ್ಕಳ ಮೈ ವಾರ್ಡನ್ನರ ಸ್ವತ್ತಾಗುತ್ತದೆಯೇ? (ಲಸಿಕೆಯನ್ನು ಬೈಯುತ್ತಿಲ್ಲ. ಅದು ಕೆಲಸ ಮಾಡುತ್ತದೆ, ನಮ್ಮ ತಂಗಿಯರಿಗೂ ಸಿಗಲಿ.)

ಹಾಗಂತ ಕಾಗದ ಬಿಸಾಕಿ ಎದ್ದು ಬರೋದೂ ಸರಿಯಲ್ಲ. ಬಾಯಿ ಕ್ಯಾನ್ಸರ್ ತಗೊಳ್ಳಿ. ಹೊಗೆಸೊಪ್ಪು ಜಗಿದು ಕೂಲಿ ಮಾಡೋ ನಮ್ಮ ಜನಕ್ಕೆ ಬರೋ ರೋಗ. ಗೆಡ್ಡೆ ತೆಗೆಯುವಾಗಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೋ, ಅಲ್ಲಿ ರೋಗ ಕಂಡಮೇಲೆ ತೆಗೆದರಾಯಿತೋ? ದೊಡ್ಡ ದೊಡ್ಡ ಡಾಕ್ಟರುಗಳಲ್ಲೇ ಜಗಳವಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 2004ರಿಂದ ಆರಂಭದ ಹಂತದ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಮೇಲೆ ನೂರಕ್ಕೆ 80 ಮಂದಿ ಬದುಕಿದ್ದರು, ಕಾದವರಲ್ಲಿ 67ರ ಆಸುಪಾಸು. ಆ ರೋಗಿಗಳು ಒಪ್ಪದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಆದ್ದರಿಂದ ಕೇಳೋಣ. ಟ್ರಯಲಿಗೆ ಸೇರದಿದ್ದರೆ ಅವ್ವನಿಗೆ ಸಿಗೋ ಚಿಕಿತ್ಸೆ ಯಾವುದು? ಇದು ಎಷ್ಟನೇ ಹಂತ? ಮೊದಲ ಹಂತದಲ್ಲಿ ನೋಡೋದು ಮುಖ್ಯವಾಗಿ ಮದ್ದನ್ನು ಎಷ್ಟು ಕೊಟ್ಟರೆ ಮೈ ತಡೆಯುತ್ತದೆ ಅಂತ. ಮೂರನೇ ಹಂತದಲ್ಲಿ ಈಗಿನ ಚಿಕಿತ್ಸೆಯ ಜೊತೆ ಹೋಲಿಸುತ್ತಾರೆ. ಆಗ ಯಾರು ಯಾವ ಗುಂಪು ಅನ್ನೋದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರಲ್ಲ. ಯಾವ ಮದ್ದು, ಯಾವ ಸ್ಕ್ಯಾನಿನ ದುಡ್ಡು ಅವರದು, ಯಾವುದು ನಮ್ಮದು? ಬಸ್ ಚಾರ್ಜು? ಇದನ್ನು ಕೇಳೋಕೆ ನಾಚಿಕೆ ಬೇಡ.

ಹೊಸ ಔಷಧಗಳ ಟ್ರಯಲಿಗೆ 2019ರ ನಿಯಮಗಳಿವೆ. ರೋಗಿಗೆ ಅರ್ಥವಾಗೋ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿಗೆ ವಿವರಿಸುವಾಗ ಟ್ರಯಲಿಗೆ ಸಂಬಂಧವಿಲ್ಲದ, ಓದು ಬಲ್ಲ ಸಾಕ್ಷಿ ಅಲ್ಲೇ ಇರಬೇಕು. ಕಾಗದದ ಒಂದು ಪ್ರತಿ ನಮಗೆ ಕೊಡಬೇಕು. ಟ್ರಯಲಿನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ. ನಡುವೆ ಬಿಟ್ಟು ಬಂದರೂ ಮಾಮೂಲಿ ಚಿಕಿತ್ಸೆ ತಪ್ಪಿಸುವಂತಿಲ್ಲ.

ಇನ್ನೊಂದು ಮಾತು, ನಮಗೇ ಕಷ್ಟದ್ದು. ಅವ್ವ ಹೆದರುತ್ತಾಳೆ ಅಂತ ಕ್ಯಾನ್ಸರ್ ಅನ್ನೋ ಹೆಸರನ್ನೇ ನಾವು ಮುಚ್ಚಿಡುತ್ತೇವೆ. ಮುಚ್ಚಿಟ್ಟು ಅವಳ ಹೆಬ್ಬೆಟ್ಟು ಒತ್ತಿಸಿದರೆ ಖಮ್ಮಂನ ವಾರ್ಡನ್ನರಿಗೂ ನಮಗೂ ಏನು ವ್ಯತ್ಯಾಸ? ರೋಗದ ಹೆಸರು ಹೇಳಿ, ಕಾಗದ ಓದಿ ಹೇಳಿ, ಅವಳು ಬೇಡ ಅಂದರೆ ಬೇಡ. ಇವತ್ತೇ ಸಹಿ ಬೇಕು ಅಂದರೆ, 'ಮಾತಾಡಿಕೊಂಡು ನಾಳೆ ಬರ್ತೀವಿ ಸಾರ್' ಅನ್ನೋಣ. ಆ ಕಾಗದದಲ್ಲಿ ನೈತಿಕ ಸಮಿತಿಯವರ ಫೋನ್ ನಂಬರು ಇರುತ್ತದೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರಕೊಂಡು ಬರೋಣ.